ಯಾರೂ ಪರೀಕ್ಷಿಸದ ಮಾಸ್ತರು

"ಬಹಳ ವರ್ಷ ಸಮುದ್ರ ಬಿಟ್ಟಿದ್ದ ಒಬ್ಬ ಮುಳುಗುಗಾರ ಒಂದು ದಿನ ಮತ್ತೆ ದೋಣಿ ಹತ್ತಿದ. ಏನಾಯಿತು? ಊಹಿಸು ನೋಡೋಣ" ಎಂದರು ಗುರುಗಳು.

ಅವರು ಹೀಗೆ ಕೇಳಿದ್ದು ಶಿಷ್ಯನ ಪ್ರಶ್ನೆಗೆ ಉತ್ತರವಾಗಿ. ಶಿಷ್ಯ ಶಸ್ತ್ರವೈದ್ಯ. ಆಸ್ಪತ್ರೆಯೊಂದರ ಆಡಳಿತ ನೋಡಿಕೊಳ್ಳುತ್ತ ವರ್ಷಗಟ್ಟಲೆ ಕತ್ತರಿ ಮುಟ್ಟಿರಲಿಲ್ಲ. ಈಗ ಆ ಹೊಣೆ ಇಳಿದಿತ್ತು. ಸೋಮವಾರದಿಂದ ಮತ್ತೆ ಶಸ್ತ್ರಚಿಕಿತ್ಸೆಗೆ ಇಳಿಯುವವನಿದ್ದ. ಅವನು ಕೇಳಿದ್ದು ಇಷ್ಟೆ: "ಬಿಟ್ಟ ಕೆಲಸವನ್ನು ಮತ್ತೆ ಹಿಡಿಯುವವನು ಬಿಟ್ಟ ಜಾಗದಿಂದ ಹಿಡಿಯಬೇಕೋ, ಮೊದಲಿನಿಂದ ಹಿಡಿಯಬೇಕೋ?"

ಶಿಷ್ಯ ಊಹಿಸಿದ. "ಕಲಿತದ್ದು ಎಲ್ಲಿಗೆ ಹೋಗುತ್ತದೆ? ಮುಳುಗಿದ, ನೋಡಿದ, ಎದ್ದು ಬಂದ."

"ಅಲ್ಲ."

"ಹಾಗಾದರೆ ಮುಳುಗಿದವನು ಏಳಲೇ ಇಲ್ಲ."

"ಅದೂ ಅಲ್ಲ. ನೀವು ವೈದ್ಯರು ಬದುಕಿದ, ಇಲ್ಲವೇ ಸತ್ತ, ಎರಡೇ ಬಾಗಿಲು ಇಟ್ಟುಕೊಂಡಿರುತ್ತೀರಿ. ಕೇಳು."

ಗುರುಗಳು ಕತೆ ಹೇಳಿದರು.

ಕರಾವಳಿಯ ಒಂದು ಊರು. ಊರಿನೆದುರು ಸಮುದ್ರದಲ್ಲಿ ಒಂದು ನಡುಗಡ್ಡೆ. ನಡುಗಡ್ಡೆಯ ಆಚೆ ನೀರಿನೊಳಗೆ ದೊಡ್ಡ ಬಂಡೆಗಳು. ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಸಮುದ್ರಕ್ಕೆ ಇಳಿಯುತ್ತಾರಲ್ಲ, ಸ್ಕೂಬಾ ಎನ್ನುತ್ತಾರೆ, ಅದನ್ನು ಆ ಊರಿನವರಿಗೆ ಕಲಿಸಿದವನು ಒಬ್ಬ ಮುಳುಗುಗಾರ. ಎಲ್ಲರೂ ಅವನನ್ನು ಮಾಸ್ತರು ಎನ್ನುತ್ತಿದ್ದರು. ನೀರಿನೊಳಗೆ ಮಾತಿಲ್ಲ, ಬರೀ ಕೈಸನ್ನೆ. ನನ್ನಂಥವನಿಗೆ ಹೇಳಿದ ಜಾಗವಲ್ಲ. ಅವನಿಗೆ ಮಾತ್ರ ಹಿಡಿಸಿತ್ತು.

ಮಾಸ್ತರು ಒಂದು ಪದ್ಧತಿ ಮಾಡಿದ್ದ. ನೀರಿಗೆ ಇಳಿಯುವವರು ಯಾವಾಗಲೂ ಇಬ್ಬಿಬ್ಬರು. ಇಳಿಯುವ ಮುಂಚೆ ಒಬ್ಬರು ಇನ್ನೊಬ್ಬರನ್ನು ಪೂರ್ತಿ ಪರೀಕ್ಷಿಸಬೇಕು. ಪಟ್ಟಿ ಎಳೆದು ನೋಡಬೇಕು. ಸಿಲಿಂಡರಿನ ವಾಲ್ವ್ ತೆರೆದಿದೆಯೇ ಎಂದು ಕೈಯಿಟ್ಟು ನೋಡಬೇಕು. ಜೊತೆಯವರು ಗಾಳಿ ಎಷ್ಟಿದೆ ಎಂದು ತೋರಿಸುವ ಗೇಜಿನ ಮುಳ್ಳು ನೋಡುತ್ತಿರುವಾಗ ನಳಿಗೆಯಿಂದ ಉಸಿರೆಳೆಯಬೇಕು. ವಾಲ್ವ್ ಮುಚ್ಚಿದ್ದರೂ ನಳಿಗೆಯಲ್ಲಿ ಉಳಿದ ಗಾಳಿಗೆ ಮುಳ್ಳು ತುಂಬಿದೆ ಎಂದೇ ತೋರಿಸುತ್ತದೆ. ಉಸಿರೆಳೆದಾಗಲೇ ಅದರ ಬಣ್ಣ ಬಯಲು. ಈ ಪರೀಕ್ಷೆ ತಪ್ಪಿಸಿದವರನ್ನು ಮಾಸ್ತರು ದೋಣಿಯಿಂದ ಇಳಿಸಿಬಿಡುತ್ತಿದ್ದ. ಹೊಸಬರು ತಪ್ಪಿದರೆ ಕತ್ತೆ ಎಂದು ಬೈಯುತ್ತಿದ್ದ.

ಆಮೇಲೆ ಹೆಂಡತಿಯ ತವರಿನ ಅಕ್ಕಿ ಗಿರಣಿ ನೋಡಿಕೊಳ್ಳಲು ಅವನು ಘಟ್ಟದ ಮೇಲೆ ಹೋದ. ಹೋದವನು ಅಲ್ಲೇ ಉಳಿದ. ಸಮುದ್ರ ಬಾಯಲ್ಲಿ ಮಾತ್ರ ಉಳಿಯಿತು. ಊಟಕ್ಕೆ ಕೂತಾಗ ಮಗಳಿಗೆ ಬಂಡೆಗಳ ಕತೆ ಹೇಳುತ್ತಿದ್ದ. ಮಗಳು ದೊಡ್ಡವಳಾದಳು. ಅಪ್ಪನ ಊರಿಗೇ ಹೋಗಿ, ಅಪ್ಪನ ಶಿಷ್ಯನ ಬಳಿಯೇ ಮುಳುಗುವುದನ್ನು ಕಲಿತಳು. ಆ ಶಿಷ್ಯ ಈಗ ದೋಣಿಯ ಯಜಮಾನ.

"ಅಪ್ಪ, ಮಳೆ ಹಿಡಿಯುವುದಕ್ಕೆ ಮುಂಚೆ ಕೊನೆಯ ದೋಣಿ ಹೋಗುತ್ತದೆ. ನೀವು ಹೇಳುವ ಬಂಡೆಗೆ ನಾವಿಬ್ಬರೂ ಜೋಡಿಯಾಗಿ ಇಳಿಯೋಣ" ಎಂದಳು.

ಅವನು ವೈದ್ಯರ ಬಳಿ ಹೋಗಿ ಕಿವಿ, ಎದೆ ಪರೀಕ್ಷೆ ಮಾಡಿಸಿಕೊಂಡ. ಅಷ್ಟರ ಮಟ್ಟಿಗೆ ಜಾಣ. ಬಸ್ಸು ಹತ್ತಿ ಬಂದ.

ದೋಣಿಯಲ್ಲಿ ಅವನಿಗೆ ಶಾಲು ಹೊದಿಸಿದರು. ಯಜಮಾನ ಎಲ್ಲರೆದುರು ಅವನ ಕಾಲು ಮುಟ್ಟಿದ. ಪ್ರವಾಸಿಯೊಬ್ಬ, "ಸಾರ್, ನಿಮ್ಮ ಹೆಸರು ಕೇಳಿಕೊಂಡೇ ನಾವು ಈ ದೋಣಿಗೆ ಬಂದದ್ದು" ಎಂದ. ಮಾಸ್ತರು ನಕ್ಕ. ಮುಳುಗುವ ಭಾರಕ್ಕೆ ಸೊಂಟಕ್ಕೆ ಎಷ್ಟು ಸೀಸ ಕಟ್ಟಲಿ ಎಂದು ಯಜಮಾನ ಕೇಳಿದಾಗ, ಹಳೆಯ ಲೆಕ್ಕವೇ ಸಾಕು ಎಂದ.

ನಡುಗಡ್ಡೆಯ ಆಚೆ ದೋಣಿ ನಿಂತಿತು. ಎಲ್ಲರೂ ಇಬ್ಬಿಬ್ಬರಾಗಿ ಪರೀಕ್ಷೆ ಶುರುಮಾಡಿದರು. ಯಜಮಾನ ಮಾಸ್ತರನ ಸಿಲಿಂಡರಿನ ವಾಲ್ವ್ ಒಮ್ಮೆ ತೆರೆದು, ಗಾಳಿ ತುಂಬಿದೆ ಎಂದು ನೋಡಿ, ಮುಚ್ಚಿ ಇಟ್ಟಿದ್ದ. ಇಳಿಯುವಾಗ ಜೋಡಿಯವರು ತೆರೆಯುವುದು ಅಲ್ಲಿನ ರೂಢಿ. ಮಾಸ್ತರು ಮಗಳ ಪಟ್ಟಿಗಳನ್ನೆಲ್ಲ ಎಳೆದು ನೋಡಿದ. ಮಗಳ ಕೈಯೂ ಅಪ್ಪನ ಬೆನ್ನಿನ ಕಡೆಗೆ ಹೋಯಿತು. ನಡುವೆ ನಿಂತಿತು. ಈ ಪರೀಕ್ಷೆ ಕಲಿಸಿದವನೇ ಅವನು. ಅವನನ್ನು ಪರೀಕ್ಷಿಸುವುದು ಹೇಗೆ? ಅವಳು ಯಜಮಾನನ ಮುಖ ನೋಡಿದಳು.

"ಮಾಸ್ತರನ್ನು ನಾವು ನೋಡುವುದೇ? ಚೆನ್ನಾಯಿತು!" ಎಂದು ಅವನು ಕೈ ಮುಗಿದ.

ಮಾಸ್ತರು ಗೇಜು ನೋಡಿದ. ಮುಳ್ಳು ತುಂಬಿದೆ ಎಂದಿತು. ಮಗಳು ಕಾಲಿಗೆ ಈಜುವ ರೆಕ್ಕೆ, ಫಿನ್, ಹಾಕಿಕೊಳ್ಳುತ್ತಿದ್ದಳು. ಅವನು ಮೊದಲು ನೀರಿಗೆ ಬಿದ್ದ.

ಒಂದು ಉಸಿರು ಬಂತು. ಇನ್ನೊಂದು ಬಂತು. ಆಮೇಲಿನದು ಬರಲಿಲ್ಲ.

ನೀರಿನ ಮಟ್ಟ ತಲೆಯಿಂದ ಒಂದು ಮೊಳ ಮೇಲಿತ್ತು, ಅಷ್ಟೆ. ತಲೆ ಎತ್ತಿ ನಳಿಗೆ ಉಗುಳಿದ್ದರೆ ಆಕಾಶದ ತುಂಬ ಗಾಳಿ. ಅದು ಅವನಿಗೆ ಹೊಳೆಯಲಿಲ್ಲ. ಕೈ ವಾಲ್ವಿಗೆ ಹೋಗಲಿಲ್ಲ, ಕಣ್ಣು ಮೂಗು ಮುಚ್ಚಿದ್ದ ಮಾಸ್ಕಿಗೆ ಹೋಯಿತು. ಕಿತ್ತ. ಮೂಗಿಗೆ ಉಪ್ಪುನೀರು ನುಗ್ಗಿತು. ಅವನನ್ನು ಉಳಿಸಿದ್ದು ಹೊಟ್ಟೆ. ಗಿರಣಿಯ ಗಲ್ಲಾಪೆಟ್ಟಿಗೆಯ ಮುಂದೆ ಕೂತು ಬೆಳೆಸಿದ ಹೊಟ್ಟೆಗೆ ಹಳೆಯ ಲೆಕ್ಕದ ಸೀಸ ಸಾಲಲಿಲ್ಲ. ಬಿರಡೆಯ ಹಾಗೆ ತಾನಾಗಿ ಮೇಲೆ ಬಂದ. ಏಣಿ ಕೈಗೆ ಸಿಕ್ಕಿತು. ಹಿಡಿದುಕೊಂಡ.

ಯಾರೂ ಏನೂ ಕಂಡಿರಲಿಲ್ಲ. "ನೋಡಿ, ಮಾಸ್ತರು ಗಂಗಮ್ಮನಿಗೆ ನಮಸ್ಕಾರ ಮಾಡಿ ಎದ್ದರು" ಎಂದು ಯಾರೋ ಚಪ್ಪಾಳೆ ತಟ್ಟಿದರು.

ಇಲ್ಲಿ ಗುರುಗಳು ಸ್ವಲ್ಪ ನಿಲ್ಲಿಸಿ ಶಿಷ್ಯನನ್ನು ನೋಡಿದರು. ಶಿಷ್ಯ, "ವಾಲ್ವ್ ತೆರೆದುಕೊಂಡರೆ ಆಯಿತಲ್ಲ" ಎಂದ.

"ಅವನೂ ಮೊದಲು ಹಾಗೆಯೇ ಎಂದುಕೊಂಡ" ಎಂದು ಗುರುಗಳು ಮುಂದುವರಿಸಿದರು.

ಏಣಿ ಹಿಡಿದೇ ಬೆನ್ನ ಹಿಂದೆ ಕೈ ಹಾಕಿ ವಾಲ್ವ್ ತಿರುಗಿಸಿದ. ಗಾಳಿ ಬಂತು. ಇನ್ನೆರಡು ಸೀಸದ ಬಿಲ್ಲೆ ಕೇಳಿದ್ದರೆ ಮುಳುಗುವುದೂ ಆಗುತ್ತಿತ್ತು. ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಅವನು ಕೈಯನ್ನು ನೋಡಿಕೊಂಡ. ವಾಲ್ವಿನ ದೋಷ ಸರಿಯಾಗಿತ್ತು. ಮಾಸ್ಕ್ ಕಿತ್ತ ಕೈ ಮಾತ್ರ ಅದೇ ಇತ್ತು. ಕೆಳಗೆ, ಬಂಡೆಯ ಬಳಿ, ಮಗಳ ಗಾಳಿ ತೀರಿದರೆ ಅವಳು ಕೈ ಚಾಚುವುದು ಜೋಡಿಯವನ ಕಡೆಗೆ. ಜೋಡಿಯವನು ತಾನು. ಆಗ ಈ ಕೈ ಏನು ಮಾಡೀತು?

ಮಗಳು ದೋಣಿಯ ಅಂಚಿನಲ್ಲಿ ನಿಂತು, "ಬರಲೇ ಅಪ್ಪ?" ಎಂದಳು.

"ಬರಬೇಡ" ಎಂದ. ಕೆಮ್ಮುತ್ತ ಏಣಿ ಹತ್ತಿದ.

"ನನಗೆ ಮರೆತುಹೋಗಿದೆ" ಎಂದು ಯಜಮಾನನಿಗೆ ಹೇಳಿದ. "ನನ್ನನ್ನು ಹೊಸಬರ ಜೊತೆ ಹಾಕು."

"ತಮಾಷೆ ಮಾಡುತ್ತೀರಾ ಮಾಸ್ತರೇ?"

"ಈಗ ಒಂದು ಮೊಳ ನೀರಿನಲ್ಲಿ ಸಾಯುತ್ತಿದ್ದೆ ಮಾರಾಯ. ತಮಾಷೆ ಮಾಡುವಷ್ಟು ಗಾಳಿ ಉಳಿದಿಲ್ಲ."

ನಡುಗಡ್ಡೆಯ ಈಚೆ ಮರಳಿನ ತಳದ ಒಂದು ಸಣ್ಣ ಕೊಲ್ಲಿ. ನೀರು ಎದೆಮಟ್ಟ. ಹೊಸಬರಿಗೆ ಅಲ್ಲೇ ಪಾಠ. ಆ ದಿನ ಇದ್ದದ್ದು ಹೊಸದಾಗಿ ಮದುವೆಯಾದ ಒಂದು ಜೋಡಿ. ಅವರ ಪಕ್ಕದಲ್ಲಿ ಮಾಸ್ತರು ನಿಂತ. ಎದುರು ಯಜಮಾನ ನಿಂತ. ತನ್ನ ಮಾಸ್ಕಿನ ಪಟ್ಟಿಯನ್ನು ಸರಿಮಾಡುತ್ತಲೇ ಇದ್ದ.

"ಮೊದಲ ದಿನ ನಾನು ನಿನಗೆ ಹೇಗೆ ಹೇಳಿಕೊಟ್ಟೆನೋ ಹಾಗೆಯೇ ಹೇಳಿಕೊಡು" ಎಂದ ಮಾಸ್ತರು.

"ನೀವು ನನ್ನನ್ನು ಕತ್ತೆ ಎಂದಿದ್ದಿರಿ."

"ಹಾಗಾದರೆ ಅನ್ನು."

ಯಜಮಾನ ಕೈ ಮುಗಿದು, "ಕತ್ತೆಯವರೇ, ಮಂಡಿಯೂರಿ" ಎಂದ.

ಮದುವಣಗಿತ್ತಿ ನಕ್ಕು ನೀರು ಕುಡಿದಳು.

ಮಂಡಿಯೂರಿ, ತಲೆ ಮುಳುಗಿಸಿ, ಮಾಸ್ಕ್ ತೆಗೆದು ಮತ್ತೆ ಹಾಕಿಕೊಂಡು, ಒಳಗಿನ ನೀರನ್ನು ಮೂಗಿನಿಂದ ಊದಿ ಹೊರಗೆ ಹಾಕಬೇಕು. ಮೊದಲ ಪಾಠ ಅದು. ಮಾಸ್ತರು ಅದರಲ್ಲಿ ಸೋತ. ಕೆಮ್ಮುತ್ತ ಎದ್ದ. ಮತ್ತೆ ಮುಳುಗಿ ಮತ್ತೆ ಸೋತ. "ಅಂಕಲ್, ಹೆದರಬೇಡಿ, ನನಗೂ ಹಾಗೇ ಆಯ್ತು. ಕತ್ತು ಸ್ವಲ್ಪ ಮೇಲಕ್ಕೆ ಎತ್ತಿ ಊದಿ" ಎಂದಳು ಮದುವಣಗಿತ್ತಿ. ಅವಳಿಗೆ ಅವನು ಯಾರೆಂದು ಸರಿಯಾಗಿ ಗೊತ್ತಿರಲಿಲ್ಲ. ಅವನು ಕತ್ತು ಎತ್ತಿ ಊದಿದ. ನೀರು ಹೋಯಿತು.

ದೋಣಿ ಉಳಿದವರನ್ನು ಮತ್ತೆ ಬಂಡೆಗಳ ಕಡೆಗೆ ಕರೆದೊಯ್ದಿತು. ಮಗಳು ಹೋಗಲಿಲ್ಲ. ಬೇರೆ ಜೋಡಿ ಕೊಡುತ್ತೇವೆ ಎಂದರೂ ಒಲ್ಲೆ ಎಂದಳು. ದಡದ ಕಲ್ಲಿನ ಮೇಲೆ ಕೊಲ್ಲಿಗೆ ಬೆನ್ನು ಮಾಡಿ ಕೂತಳು. ಪಾಠ ಮುಗಿದ ಮೇಲೆ ಅಪ್ಪ ಹೋಗಿ ಪಕ್ಕದಲ್ಲಿ ಕೂತ.

"ಇಷ್ಟು ವರ್ಷ ನೀವು ಹೇಳಿದ್ದೆಲ್ಲ ಸುಳ್ಳೇ ಅಪ್ಪ?" ಎಂದಳು.

"ಸುಳ್ಳಲ್ಲ ಮಗಾ. ಹಳೆಯದು" ಎಂದ.

ಅವಳು ಅವನಿಗೆ ಒಣ ಟವೆಲು ಕೊಟ್ಟಳು. ಆದರೆ ಸಂತೋಷವಾಯಿತು ಎಂದು ಹೇಳಲಿಲ್ಲ.

ಮಳೆ ಹಿಡಿಯಿತು. ದೋಣಿಗಳನ್ನು ದಡಕ್ಕೆ ಎಳೆದರು. ಮಾಸ್ತರಿಗೆ ಬಂಡೆ ಕಾಣಿಸಲಿಲ್ಲ, ಮಗಳಿಗೆ ಅಪ್ಪನ ಜೊತೆ ಇಳಿಯುವುದು ಸಿಗಲಿಲ್ಲ. ಊರಿನಲ್ಲಿ, ಮಾಸ್ತರು ಹೆದರಿ ಏಣಿ ಹತ್ತಿದರಂತೆ, ಎಂದು ಮಾತಾಯಿತು. ಅದು ನಿಜವೂ ಆಗಿತ್ತು. ಶಾಲು ಹೊದಿಸಿದವರೇ ಅದನ್ನು ಹೆಚ್ಚು ಹೇಳಿದರು. ಅವನು ಯಾರಿಗೂ ಉತ್ತರ ಕೊಡಲು ಹೋಗಲಿಲ್ಲ. ಗಿರಣಿಯ ಕೆಲಸ ಮುಗಿಸಿ ಪಟ್ಟಣದ ಈಜುಕೊಳಕ್ಕೆ ಹೋಗುತ್ತಿದ್ದ. ಕೊಳದ ತಳದಲ್ಲಿ ಮಂಡಿಯೂರಿ ಮಾಸ್ಕ್ ತೆಗೆಯುತ್ತಿದ್ದ, ಹಾಕುತ್ತಿದ್ದ. ಕಣ್ಣು ಮುಚ್ಚಿ ವಾಲ್ವ್ ಹುಡುಕುತ್ತಿದ್ದ. ಈಜಲು ಬಂದವರು ಅವನಿಗೆ ಏನೋ ಕಳೆದುಹೋಗಿದೆ ಎಂದುಕೊಂಡರು.

ಮಳೆ ಮುಗಿದು ನೀರು ತಿಳಿಯಾಯಿತು. ಮತ್ತೆ ದೋಣಿ ಹೊರಟಿತು. ಅವನು ಮೊದಲು ಕೊಲ್ಲಿಯಲ್ಲಿ ಇಳಿದ. ಆಮೇಲೆ ಸ್ವಲ್ಪ ಆಳಕ್ಕೆ, ಯಜಮಾನನ ಜೊತೆ. ಕೊನೆಗೆ ಬಂಡೆಗೆ, ಮಗಳ ಜೊತೆ. ಇಳಿಯುವ ಮುಂಚೆ ಮಗಳು ಅವನ ಪಟ್ಟಿಗಳನ್ನೆಲ್ಲ ಎಳೆದು ನೋಡಿದಳು. ವಾಲ್ವ್ ತಾನೇ ತಿರುಗಿಸಿದಳು. "ಉಸಿರೆಳೆಯಿರಿ" ಎಂದು ಗದರಿಸಿ ಮುಳ್ಳು ನೋಡಿದಳು. ಅಂಗಿ ತೊಡಿಸಿಕೊಳ್ಳುವ ಮಗುವಿನ ಹಾಗೆ ಅವನು ಎರಡೂ ಕೈ ಎತ್ತಿ ನಿಂತಿದ್ದ. ಇಬ್ಬರೂ ಇಳಿದರು. ಕಿವಿ ಒತ್ತಿದಾಗಲೆಲ್ಲ ನಿಂತು, ಮೂಗು ಹಿಡಿದು ಊದಿ, ಮತ್ತೆ ಇಳಿದರು. ಬಂಡೆ ನೋಡಿದರು. ಬರುವಾಗ ತಮ್ಮ ಉಸಿರಿನ ಗುಳ್ಳೆಗಳಿಗಿಂತ ನಿಧಾನವಾಗಿ ಮೇಲೆ ಬಂದರು.

ಗುರುಗಳು ಕತೆ ನಿಲ್ಲಿಸಿದರು.

"ಆಮೇಲೆ?" ಎಂದ ಶಿಷ್ಯ.

"ದೋಣಿಯಲ್ಲಿ ಕೂತು ಅವಲಕ್ಕಿ ತಿಂದರು."

"ಕೆಳಗೆ ಏನೂ ಆಗಲಿಲ್ಲವೇ? ಅವಳ ಗಾಳಿ ತೀರಲಿಲ್ಲವೇ? ಅವನು ಉಳಿಸಲಿಲ್ಲವೇ?"

"ಏನೂ ಆಗಲಿಲ್ಲ. ಆ ಊರಿನ ಸಮುದ್ರದಲ್ಲಿ ಅದಕ್ಕಿಂತ ದೊಡ್ಡ ಸುದ್ದಿ ಇಲ್ಲ."

ಶಿಷ್ಯ ತನ್ನ ಬೆರಳುಗಳನ್ನು ನೋಡಿಕೊಂಡ. ಆಸ್ಪತ್ರೆಯಲ್ಲಿ ಸೋಮವಾರ ಅವನಿಗೂ ಹಾರ ಸಿದ್ಧವಾಗಿತ್ತು. ಅವನ ಕೈಕೆಳಗೆ ಕಲಿತವರೇ ಅವನ ಎಡಬಲಕ್ಕೆ ನಿಲ್ಲುವವರಿದ್ದರು. ಮೇಜಿನ ಮೇಲೆ ಮಲಗುವವರು ಯಾರೆಂದು ಅವನು ಇನ್ನೂ ಕೇಳಿರಲಿಲ್ಲ.

ಆದರೂ ಕತೆಗೆ ತಾನೇ ಒಂದು ಮುಕ್ತಾಯ ಹೇಳುವ ಆಸೆ ಅವನಿಗೆ. "ಅಂತೂ ಬಂಡೆಗೆ ಇಳಿದ ಆ ದಿನ ಮಾಸ್ತರು ಸಮುದ್ರಕ್ಕೆ ಮರಳಿದ" ಎಂದ.

"ಅಲ್ಲಪ್ಪ" ಎಂದರು ಗುರುಗಳು, "ಅವನು ಸಮುದ್ರಕ್ಕೆ ಮರಳಿದ್ದು ಕೆಮ್ಮುತ್ತ ದೋಣಿಯ ಏಣಿ ಹತ್ತಿದ ದಿನ, ವೈಶಾಖ ಬಹುಳ ಪಂಚಮಿ, ಶನಿವಾರ."