ಕೊಕ್ಕೆಗೆ ನೇತು ಹಾಕಿ ಅಳೆದ ಫೋರ್ಕು

"ಬುದ್ಧಿ, ನನ್ನಲ್ಲಿ ಸಿಟ್ಟು ಉಳಿದಿಲ್ಲ. ಪೇಟೆಯ ಮಠಕ್ಕೆ ನನ್ನನ್ನು ಇನ್ನೂ ಯಾಕೆ ಕಳಿಸುತ್ತಿಲ್ಲ?" ಎಂದು ಶಿಷ್ಯ ಕೇಳಿದ.

ಆ ತಿಂಗಳಲ್ಲಿ ಅವನು ಅದೇ ಪ್ರಶ್ನೆ ಕೇಳಿದ್ದು ಅದು ಐದನೆಯ ಸಲ. ಹಿಂದಿನ ನಾಲ್ಕು ಸಲವೂ ಗುರುಗಳು "ನೋಡೋಣ" ಎಂದು ಸಾಗಹಾಕಿದ್ದರು. ಇವತ್ತು ಸಾಗಹಾಕುವಂತಿರಲಿಲ್ಲ. ಪೇಟೆಯವರು ಬೆಳಿಗ್ಗೆಯೇ ಬಂದು ಹೊರಗಿನ ಜಗಲಿಯ ಮೇಲೆ ಕುಳಿತಿದ್ದರು. ಅವರ ಊರಿನಲ್ಲಿ ಎರಡು ಬೀದಿಯವರು ಮಠದ ಒಂದು ಗೋಡೆಗಾಗಿ ಆರು ವರ್ಷದಿಂದ ಕಚ್ಚಾಡುತ್ತಿದ್ದರು. ಹಿಂದೆ ಹೋದ ಇಬ್ಬರು ಸ್ವಾಮಿಗಳು ಅವರ ಬಾಯಿಗೆ ಸಿಕ್ಕಿ, ತಾವೂ ಬಾಯಿ ಮಾಡಿ, ವರ್ಷ ತುಂಬುವ ಮೊದಲೇ ಹಿಂದಿರುಗಿದ್ದರು. ಈ ಸಲ ಸಿಟ್ಟಿಲ್ಲದ ಒಬ್ಬರನ್ನು ಕೊಡಿ ಎಂದು ಪೇಟೆಯವರು ಕೈಮುಗಿದು ಕೇಳಿದ್ದರು. ಶಿಷ್ಯ ಬಟ್ಟೆಯ ಗಂಟು ಕಟ್ಟಿಕೊಂಡೇ ಗುರುಗಳ ಮುಂದೆ ಬಂದಿದ್ದ.

"ಸಿಟ್ಟು ಉಳಿದಿಲ್ಲವೆಂದು ನಿನಗೆ ಹೇಗೆ ಗೊತ್ತು?" ಎಂದರು ಗುರುಗಳು.

"ದಿನಾ ಬೆಳಗಿನ ಜಾವ ಕೊಳದ ಮೆಟ್ಟಿಲ ಮೇಲೆ ಒಬ್ಬನೇ ಕುಳಿತು ಮನಸ್ಸನ್ನೆಲ್ಲ ತಡಕಿ ನೋಡುತ್ತೇನೆ. ಮೂರು ತಿಂಗಳಿಂದ ಒಂದು ದಿನವೂ ಸಿಟ್ಟು ಕಂಡಿಲ್ಲ."

ಗುರುಗಳು ನಿಟ್ಟುಸಿರು ಬಿಟ್ಟರು. "ಕುಳಿತುಕೋ. ಒಬ್ಬನು ತನ್ನ ಸೈಕಲ್ಲಿಗೆ ಫೋರ್ಕು ಆರಿಸಿದ ಕತೆ ಹೇಳುತ್ತೇನೆ" ಎಂದರು.

ಹೌದು ಎನ್ನಲಿಕ್ಕೋ ಇಲ್ಲ ಎನ್ನಲಿಕ್ಕೋ ಒಂದು ಮಾತು ಸಾಕಿತ್ತು. ಇವರು ಪುರಾಣ ಬಿಚ್ಚುತ್ತಿದ್ದಾರೆ ಎಂದು ಶಿಷ್ಯನಿಗೆ ಕಿರಿಕಿರಿಯಾಯಿತು. ಆದರೂ ಮುಖದ ಮೇಲಿನ ಶಾಂತಿಯನ್ನು ಕದಲಿಸದೆ ಕುಳಿತ.

ಗುರುಗಳು ಹೇಳತೊಡಗಿದರು. ದನಕರುಗಳಿಗೆ ಲಸಿಕೆ ಹಾಕುವವನೊಬ್ಬನಿದ್ದ. ಅವನು ಹೋಗಬೇಕಾದ ಹಟ್ಟಿಗಳು ಗುಡ್ಡದ ಮೇಲಿದ್ದವು. ಅಲ್ಲಿಗೆ ರಸ್ತೆಯಿರಲಿಲ್ಲ, ಬರೀ ಕಲ್ಲಿನ ಕಾಲುದಾರಿ. ಲಸಿಕೆಯನ್ನು ಐಸಿನ ಪೆಟ್ಟಿಗೆಯಲ್ಲಿಟ್ಟು, ಪೆಟ್ಟಿಗೆಯನ್ನು ಹಿಂದಿನ ಕ್ಯಾರಿಯರಿಗೆ ಬಿಗಿದು, ಗುಡ್ಡ ಹತ್ತುವ ಗೇರ್ ಸೈಕಲ್ಲಿನಲ್ಲಿ ಹೋಗುತ್ತಿದ್ದ. ಐಸು ಕರಗುವುದರೊಳಗೆ ತಲುಪಬೇಕು, ಇಲ್ಲದಿದ್ದರೆ ಲಸಿಕೆ ಕೆಡುತ್ತದೆ. ಆ ಸೈಕಲ್ಲಿನ ಮುಂದಿನ ಚಕ್ರವನ್ನು ಹಿಡಿದುಕೊಂಡಿದ್ದ ಫೋರ್ಕು ಸ್ಪ್ರಿಂಗಿನದು. ಅದು ಹಳತಾಗಿ ಎಣ್ಣೆ ಸೋರತೊಡಗಿತು. ಅದರ ಬಿಡಿಭಾಗಗಳು ಎಲ್ಲೂ ಸಿಗಲಿಲ್ಲ. ಸ್ಪ್ರಿಂಗಿನ ಸಹವಾಸವೇ ಬೇಡ, ಉಕ್ಕಿನ ಗಟ್ಟಿ ಫೋರ್ಕು ಹಾಕಿಸಿಬಿಡುತ್ತೇನೆ ಎಂದು ಅವನು ತೀರ್ಮಾನಿಸಿದ.

ಇನ್ನು ಕತೆ ಓಡುತ್ತದೆ ಎಂದುಕೊಂಡ ಶಿಷ್ಯ. ಓಡಲಿಲ್ಲ. ಉಕ್ಕೇ ಯಾಕೆ ಎಂಬಲ್ಲಿಗೆ ಬಂದು ಗುರುಗಳು ಠಿಕಾಣಿ ಹೂಡಿದರು. ಅಲ್ಯೂಮಿನಿಯಂ ಹಗುರ, ಆದರೆ ಅದು ಹೇಳದೆ ಕೇಳದೆ ಮುರಿಯುತ್ತದೆ. ಉಕ್ಕು ಭಾರ, ಆದರೆ ಮೊದಲು ಬಾಗಿ ತೋರಿಸುತ್ತದೆ. ಬಾಗಿದರೂ ಸಂತೆಬೀದಿಯ ವೆಲ್ಡಿಂಗಿನವನು ಸರಿಮಾಡಿ ಕೊಡುತ್ತಾನೆ. ಹ್ಯಾಂಡಲ್ಲಿಗೆ ಹೋಗುವ ಕೊಳವೆ ಎಷ್ಟು ದಪ್ಪವಿರಬೇಕು, ಬ್ರೇಕು ಕೂರಿಸುವ ತೂತು ಯಾವ ಕಡೆಗಿರಬೇಕು, ಅದನ್ನೂ ಹೇಳಿದರು. ನಡುವೆ ಮಜ್ಜಿಗೆ ತರಿಸಿಕೊಂಡು ನಿಧಾನವಾಗಿ ಕುಡಿದರು. ಈ ಮುದುಕರಿಗೆ ಇದನ್ನೆಲ್ಲ ಯಾರು ಕಲಿಸಿಕೊಟ್ಟರೋ ಎಂದು ಶಿಷ್ಯನಿಗೆ ತಲೆ ಚಿಟ್ಟು ಹಿಡಿಯಿತು. ಹೊರಗೆ ಪೇಟೆಯವರಲ್ಲಿ ಯಾರೋ ಕೆಮ್ಮಿದರು. ಅವರು ಎದ್ದು ಹೋಗಿಬಿಟ್ಟರೆ ತನ್ನ ಗತಿಯೇನು ಎಂದು ಅವನು ಬಾಗಿಲ ಕಡೆ ನೋಡಿದ.

ಎಲ್ಲಕ್ಕಿಂತ ಮುಖ್ಯವಾದದ್ದು ಉದ್ದ, ಎಂದರು ಗುರುಗಳು. ಹೊಸ ಫೋರ್ಕು ಗಿಡ್ಡವಾದರೆ ಸೈಕಲ್ಲಿನ ಮೂತಿ ಕೆಳಗಿಳಿದು ಪೆಡಲು ಕಲ್ಲಿಗೆ ಬಡಿಯುತ್ತದೆ. ಉದ್ದವಾದರೆ ಮೂತಿ ಮೇಲೇಳುತ್ತದೆ, ಏರಿನಲ್ಲಿ ಮುಂದಿನ ಚಕ್ರ ನೆಲ ಕಚ್ಚುವುದಿಲ್ಲ. ಲಸಿಕೆಯವನಿಗೆ ಇದು ಗೊತ್ತಿತ್ತು. ಅದಕ್ಕೇ ಅವನು ಸೈಕಲ್ಲನ್ನು ರಿಪೇರಿ ಶಾಪಿನ ಕೊಕ್ಕೆಗೆ ನೇತು ಹಾಕಿ, ದರ್ಜಿಯ ಟೇಪು ಹಿಡಿದು, ಚಕ್ರದ ಅಚ್ಚಿನಿಂದ ಫೋರ್ಕಿನ ಭುಜದವರೆಗೆ ಮೂರು ಸಲ ಅಳೆದ. ಮೂರು ಸಲವೂ ಒಂದೇ ಅಳತೆ ಬಂತು.

ಶಾಪಿನ ಮುದುಕ ಇದನ್ನು ನೋಡಿ, "ಅದನ್ನ ಕೆಳಗಿಳಿಸಿ ಮೇಲೆ ಕೂತ್ಕೊಳ್ಳಪ್ಪ, ನಾನು ಇನ್ನೊಂದ್ಸಲ ಅಳೀತೀನಿ" ಎಂದ.

"ಮೂರು ಸಲ ಅಳೆದಿದ್ದೀನಿ ಯಜಮಾನ್ರೇ. ಕೂದಲೆಳೆಯಷ್ಟೂ ಆಚೀಚೆ ಆಗಿಲ್ಲ. ಕೂತ್ರೇನು, ನಿಂತ್ರೇನು, ಅಳತೆ ಅಂದ್ರೆ ಅಳತೆ ಅಲ್ವಾ?" ಎಂದ ಲಸಿಕೆಯವನು.

ಮುದುಕ ಅವನು ಹೇಳಿದ ಅಳತೆಯದೇ ಉಕ್ಕಿನ ಫೋರ್ಕು ತರಿಸಿ ಕೂರಿಸಿಕೊಟ್ಟ. ಸಮನೆಲದ ಮೇಲೆ ಸೈಕಲ್ಲು ಚೆನ್ನಾಗಿಯೇ ಓಡಿತು. ಲಸಿಕೆಯವನು ಶಾಪಿನ ಮುಂದೆ ಎರಡು ಸುತ್ತು ಹೊಡೆದು, ಮುದುಕನ ಕಡೆ ನೋಡಿ ಹಲ್ಲು ಕಿರಿದು ಹೋದ.

ಆ ವಾರವೇ ಗುಡ್ಡದ ಕೆಳಗಿನ ಊರಿನಲ್ಲಿ ಕಾಲುಬಾಯಿ ಜ್ವರ ಕಾಣಿಸಿಕೊಂಡಿತು. ಜ್ವರ ಗುಡ್ಡ ಹತ್ತುವುದರೊಳಗೆ ಲಸಿಕೆ ಹತ್ತಬೇಕಿತ್ತು. ಅವನು ಪೆಟ್ಟಿಗೆ ಬಿಗಿದುಕೊಂಡು ಹೊರಟ. ಮೊದಲ ಏರಿನಲ್ಲೇ ಸೈಕಲ್ಲಿನ ಮೂತಿ ಮೇಲೆದ್ದಿತು. ಮುಂದಿನ ಚಕ್ರ ತನಗೆ ತೋಚಿದ ಕಡೆಗೆ ಹೊರಳಿತು. ಅವನು ಬಿದ್ದ, ಎದ್ದ, ಮತ್ತೆ ಹತ್ತಿದ, ಮತ್ತೆ ಬಿದ್ದ. ಕೊನೆಗೆ ಸೈಕಲ್ಲನ್ನು ತಳ್ಳಿಕೊಂಡು ಹೋದ. ಹಟ್ಟಿ ಮುಟ್ಟಿದಾಗ ಪೆಟ್ಟಿಗೆಯಲ್ಲಿ ಬೆಚ್ಚನೆಯ ನೀರಿತ್ತು.

ಹಟ್ಟಿಯವರು ಬೆಳಿಗ್ಗೆಯಿಂದ ದನಗಳನ್ನು ಮೇಯಲು ಬಿಡದೆ ಕಟ್ಟಿಹಾಕಿಕೊಂಡು ಕಾದಿದ್ದರು. ಮುಂದಿನ ವಾರ ಬರುತ್ತೇನೆ ಎಂದು ಅವನು ತಲೆ ತಗ್ಗಿಸಿ ಹೇಳಿದ. ಯಾರೂ ಬೈಯಲಿಲ್ಲ. ಒಬ್ಬ ಮುದುಕಿ ತನ್ನ ಹಸುವಿನ ಹಗ್ಗ ಬಿಚ್ಚಿಕೊಂಡು ಸುಮ್ಮನೆ ನಡೆದಳು. ಮುಂದಿನ ವಾರ ಅವನು ಪೆಟ್ಟಿಗೆಯನ್ನು ತಲೆಯ ಮೇಲೆ ಹೊತ್ತು ನಡೆದೇ ಹೋದಾಗ, ಆ ಹಸುವಿನ ಬಾಯಲ್ಲಿ ಹುಣ್ಣೆದ್ದಿತ್ತು.

ಇಲ್ಲಿ ಗುರುಗಳು ನಿಲ್ಲಿಸಿದರು. ಅಂತೂ ಮುಗಿಯಿತು ಎಂದು ಶಿಷ್ಯ ಗಂಟಿಗೆ ಕೈ ಹಾಕಿದ. ಹಸುವಿನ ಮಾತು ಅವನ ಕಿವಿಗೆ ಬಿದ್ದಿತ್ತೋ ಇಲ್ಲವೋ. ಅವನ ಮನಸ್ಸೆಲ್ಲ ಜಗಲಿಯ ಮೇಲಿತ್ತು.

ಕತೆ ಮುಗಿದಿರಲಿಲ್ಲ. ಲಸಿಕೆಯವನು ಶಾಪಿಗೆ ಬಂದು ಮುದುಕನ ಮೇಲೆ ಹರಿಹಾಯ್ದ. ಮುದುಕ ಎದುರಾಡದೆ ಹಳೆಯ ಸ್ಪ್ರಿಂಗಿನ ಫೋರ್ಕನ್ನು ತಿರುಗಿ ಕೂರಿಸಿದ. ಸೈಕಲ್ಲನ್ನು ನೆಲಕ್ಕಿಳಿಸಿ, ಅವನನ್ನು ಅದರ ಮೇಲೆ ಕೂರಿಸಿ, ಆಮೇಲೆ ಟೇಪು ಹಿಡಿದ. ಆಳಿನ ಭಾರಕ್ಕೆ ಫೋರ್ಕು ಎರಡು ಬೆರಳು ಇಳಿದಿತ್ತು. ಇಷ್ಟು ವರ್ಷ ಅವನು ಗುಡ್ಡ ಹತ್ತಿದ್ದು ಆ ಇಳಿದ ಅಳತೆಯಲ್ಲಿ, ಅಳೆದದ್ದು ಮಾತ್ರ ಯಾರೂ ಕೂರದ ಸೈಕಲ್ಲನ್ನು. ಉಕ್ಕು ಗಟ್ಟಿ, ಕೂತರೂ ಇಳಿಯುವುದಿಲ್ಲ. ಹಾಗಾಗಿ ಎರಡು ಬೆರಳು ಗಿಡ್ಡನೆಯದು ಬೇಕಿತ್ತು. ಮುದುಕ ಅಂಥದ್ದೊಂದನ್ನು ತರಿಸಿಕೊಟ್ಟ.

"ಅದರ ಬಣ್ಣ ಕಪ್ಪು" ಎಂದರು ಗುರುಗಳು. "ಕಪ್ಪು ಅಂದರೆ ತೀರಾ ಕಪ್ಪಲ್ಲ. ಸ್ವಲ್ಪ ನೀಲಿ ಬೆರೆತ ಕಪ್ಪು. ಅದಕ್ಕೂ ಒಂದು ಕಾರಣವಿದೆ, ಏನೆಂದರೆ…"

ಶಿಷ್ಯ ದಡಕ್ಕನೆ ಎದ್ದು ನಿಂತ. ಗಂಟು ಕಾಲಬಳಿ ಉರುಳಿತು.

"ಸಾಕು ಮಾಡಿ ಬುದ್ಧಿ. ನಾನು ಕೇಳಿದ್ದೇನು, ನೀವು ಒದರುತ್ತಿರುವುದೇನು? ಬೆಳಿಗ್ಗೆ ಬಂದವರು ಇನ್ನೂ ಹೊರಗೆ ಕಾಯುತ್ತಿದ್ದಾರೆ. ಅದು ಕಪ್ಪಾದರೆ ನನಗೇನು, ನೀಲಿಯಾದರೆ ನನಗೇನು? ಹೌದು ಅನ್ನಿ, ಇಲ್ಲ ಅನ್ನಿ, ಎರಡರಲ್ಲಿ ಒಂದು ಹೇಳಿ ಸಾಯಿಸಿ."

ಅವನ ದನಿ ಜಗಲಿಯವರೆಗೂ ಹೋಯಿತು. ಅಲ್ಲಿ ಪೇಟೆಯವರ ಮಾತು ನಿಂತಿತು. ಗುರುಗಳು ಬಲಗೈಯ ಎರಡು ಬೆರಳನ್ನು ಅಡ್ಡಲಾಗಿ ಎತ್ತಿ ಹಿಡಿದರು.

"ಕೊಳದ ಮೆಟ್ಟಿಲ ಹತ್ತಿರ ನಿನ್ನ ಮೇಲೆ ಯಾರೂ ಕೂತಿರಲಿಲ್ಲ. ಈಗ ಇಳಿಯಿತು ನೋಡು, ಎರಡು ಬೆರಳು" ಎಂದರು.

ಶಿಷ್ಯ ಬಗ್ಗಿ, ಕಾಲಬಳಿ ಉರುಳಿದ್ದ ಗಂಟನ್ನು ಬಿಚ್ಚತೊಡಗಿದ.