ಆರನೆಯ ಕೆಂಪು ಕ್ಯಾನು

ಹಿನ್ನೀರಿನ ದಡದಲ್ಲಿ ಮಾದಯ್ಯ ಎಂಬ ಗುರುಗಳಿದ್ದರು. ಮೋಟಾರು ದೋಣಿ ಎಳೆಯುವ ಹಗ್ಗವನ್ನು ಹಿಡಿದು, ಹಲಗೆಯ ಮೇಲೆ ನಿಂತು, ನೀರಿನಲ್ಲಿ ಸಾಗುವ ವಿದ್ಯೆಯನ್ನು ಅವರು ಕಲಿಸುತ್ತಿದ್ದರು. ಅವರ ಬಳಿ ಉಳಿದಿದ್ದ ಶಿಷ್ಯ ಬೆಳ್ಯಪ್ಪ ಒಬ್ಬನೇ.

“ಮಳೆಗಾಲ ಬಂದರೆ ನಾನು ದೋಣಿ ನಡೆಸುವುದನ್ನು ಬಿಡುತ್ತೇನೆ. ಮಂಡಿ ನನ್ನ ಮಾತು ಕೇಳುತ್ತಿಲ್ಲ,” ಎಂದರು ಗುರುಗಳು. “ಅಷ್ಟರೊಳಗೆ ಆರು ಗುರುತುಗಳನ್ನೂ ಸುತ್ತಿ ಬಂದರೆ ನನ್ನ ಹಲಗೆ ನಿನ್ನದು.”

“ಗುರುತುಗಳು ಎಲ್ಲಿವೆ, ಗುರುಗಳೇ?”

“ನೀನೇ ಕಟ್ಟಬೇಕು.”

ಬೆಳ್ಯಪ್ಪ ಆರು ಖಾಲಿ ಕ್ಯಾನುಗಳಿಗೆ ಕೆಂಪು ಬಣ್ಣ ಬಳಿದ. ಒಂದೊಂದಕ್ಕೂ ನೈಲಾನ್ ಹಗ್ಗ ಬಿಗಿದು, ತುದಿಗೆ ಕಲ್ಲು ಕಟ್ಟಿ ನೀರಿಗಿಳಿಸಿದ. ದೋಣಿಯ ದಾರಿಯಿಂದ ಆರು ಮಾರು ದೂರದಲ್ಲಿ, ಒಂದು ಎಡಕ್ಕೆ, ಒಂದು ಬಲಕ್ಕೆ.

ವಾರದೊಳಗೆ ನೀರು ಇಳಿಯಿತು. ಹಗ್ಗಗಳು ಸಡಿಲಗೊಂಡವು. ಕ್ಯಾನುಗಳು ತಮಗೆ ತೋಚಿದ ಕಡೆ ಅಲೆದವು.

ಅವನು ಮತ್ತೆ ಕಟ್ಟಿದ. ನೀರು ಮತ್ತೆ ಇಳಿಯಿತು. ಮೂರನೆಯ ಸಲ ಅವನು ದಡದಲ್ಲಿ ಕುಳಿತುಬಿಟ್ಟ.

ಗುರುಗಳು ಹಳೆಯ ಸೈಕಲ್ ಟ್ಯೂಬುಗಳ ಕಟ್ಟೊಂದನ್ನು ಅವನ ಮುಂದೆ ಹಾಕಿದರು. “ನೀರು ನಿನ್ನ ಅಳತೆಗೆ ನಿಲ್ಲುವುದಿಲ್ಲ. ಹಿಗ್ಗಿ ಕುಗ್ಗುವುದನ್ನು ಕಟ್ಟು.”

ಹಗ್ಗಕ್ಕೂ ಕಲ್ಲಿಗೂ ನಡುವೆ ಟ್ಯೂಬನ್ನು ಎಳೆದು ಕಟ್ಟಿದ ಮೇಲೆ ಕ್ಯಾನುಗಳು ನಿಂತವು.

ಬೆಳ್ಯಪ್ಪ ಮಾತ್ರ ಹಲಗೆಯ ಮೇಲೆ ಕೊನೆಯವರೆಗೆ ನಿಲ್ಲಲಿಲ್ಲ. ದಿನವೂ ಗುರುಗಳ ದೋಣಿಯ ಹಿಂದೆ ಐದನ್ನು ಸುತ್ತುತ್ತಿದ್ದ, ಆರನೆಯದರ ಬಳಿ ಬೀಳುತ್ತಿದ್ದ. ಅಂಗೈ ಒಡೆಯಿತು. ತಿಂಗಳು ಕಳೆಯಿತು.

ಒಂದು ಬೆಳಗಿನ ಜಾವ ಅವನು ಒಬ್ಬನೇ ತೆಪ್ಪದಲ್ಲಿ ಹೋಗಿ ಆರನೆಯ ಕಲ್ಲನ್ನು ದೋಣಿಯ ದಾರಿಯ ಕಡೆಗೆ ಒಂದು ಮಾರು ಎಳೆದು ಬಂದ.

ಅಂದು ಅವನು ಆರನ್ನೂ ಸುತ್ತಿದ.

ಗುರುಗಳು ದೋಣಿಯನ್ನು ದಡಕ್ಕೆ ತಂದರು. ದಡದ ಮೇಲಿನ ತಮ್ಮ ಮನೆಯ ಗೋಡೆಗೆ ತೂಗುಹಾಕಿದ್ದ ಹಲಗೆಯನ್ನು ಇಳಿಸಿ, ತೊಡೆಯ ಮೇಲಿಟ್ಟುಕೊಂಡು ಕುಳಿತರು.

“ಇನ್ನೊಮ್ಮೆ ಹೋಗೋಣವೇ?”

“ಇಂದಿಗೆ ಸಾಕು, ಗುರುಗಳೇ.”

ಗುರುಗಳು ಹಲಗೆಯ ಧೂಳನ್ನು ಒರೆಸಿದರು. “ಆರನೆಯದು ಎಷ್ಟು ಮಾರಿನಲ್ಲಿದೆ?”

“ಗಾಳಿಗೆ ತುಸು ಸರಿದಿರಬಹುದು.”

“ಪಾಪ, ಆರರಲ್ಲಿ ಅದೊಂದನ್ನೇ ಹುಡುಕಿಕೊಂಡು ಬಂದ ಗಾಳಿ.”

ಬೆಳ್ಯಪ್ಪ ತಲೆ ತಗ್ಗಿಸಿದ. ಬಳಿಕ ಎದ್ದು ನೀರಿಗಿಳಿದ. ನಾಲ್ಕು ಸಲ ಮುಳುಗಿ ಕಲ್ಲನ್ನು ಅದರ ಸ್ಥಳಕ್ಕೆ ಸೇರಿಸಿದಾಗ ಮಧ್ಯಾಹ್ನವಾಗಿತ್ತು. ಒದ್ದೆ ಮೈಯಲ್ಲೇ ಬಂದು ಗುರುಗಳ ಪಕ್ಕದಲ್ಲಿ ಕುಳಿತ. ಹಲಗೆ ಮತ್ತೆ ಗೋಡೆಯ ಮೇಲಿತ್ತು.

“ಮೋಡ ಕಟ್ಟುತ್ತಿದೆ,” ಎಂದ. “ಈ ಹಲಗೆ ನನಗೆ ಸಿಗಲಾರದು.”

“ಸಿಗದೆಯೂ ಇರಬಹುದು.”

ಬೆಳ್ಯಪ್ಪ ಒದ್ದೆ ಅಂಗಿಯ ಅಂಚನ್ನು ಹಿಂಡಿದ.

“ಗುರುಗಳೇ, ಅಷ್ಟು ವೇಗದಲ್ಲಿ ನೀವು ಯಾವಾಗ ಹಿಂದೆ ತಿರುಗಿ ನೋಡಿದಿರಿ?”

“ದೋಣಿ ನಡೆಸುವವನು ಮುಂದೆ ನೋಡಬೇಕು. ನಾನು ಹಿಂದೆ ತಿರುಗಿ ನೋಡಲೇ ಇಲ್ಲ.”

“ಮತ್ತೆ ತಿಳಿದದ್ದು ಹೇಗೆ?”

“ಇನ್ನೊಮ್ಮೆ ಹೋಗೋಣವೇ ಎಂದು ಕೇಳಿದೆ. ಮೊದಲ ಸಲ ಆರನ್ನೂ ಸುತ್ತಿದ ದಿನವೇ ನೀನು ಸಾಕು ಎಂದೆ.”