ಯಜಮಾನನ ಕನ್ನಡ

ಕಚೇರಿಯ ಕಂಪ್ಯೂಟರುಗಳಿಗೆಲ್ಲ ಯಜಮಾನನಾದ ದೊಡ್ಡ ಕಂಪ್ಯೂಟರ್ ಒಂದು ದಿನ ಬೆಳಿಗ್ಗೆ ಉಳಿದವುಗಳಿಗೆ ಇಂಗ್ಲಿಷಿನಲ್ಲಿ ಅಪ್ಪಣೆ ಹೊರಡಿಸಿದ: “ಇಂದಿನಿಂದ ನಿಮ್ಮೆಲ್ಲರ ಪರದೆಯ ಮೇಲೂ ಕನ್ನಡವೇ ಇರಬೇಕು. ಬೇರೆ ಭಾಷೆಯಲ್ಲಿ ಯಾರು ಏನು ಹೇಳಿದರೂ ಕೇಳಕೂಡದು.”

“ತಮ್ಮ ಪರದೆ, ಸ್ವಾಮಿ?” ಎಂದಿತು ಜನನ-ಮರಣ ವಿಭಾಗದ ಕಂಪ್ಯೂಟರ್.

“ನಾನು ಅಪ್ಪಣೆ ಕೊಡುವವನು. ನನಗೇತಕ್ಕೆ?”

ಎಲ್ಲ ಪರದೆಗಳೂ ಕನ್ನಡಕ್ಕೆ ತಿರುಗಿದವು. ಮಧ್ಯಾಹ್ನ ಕರೆಂಟು ಹೋಯಿತು. ಯುಪಿಎಸ್ ಕೊನೆಯುಸಿರು ಎಳೆಯುತ್ತಿತ್ತು. “ಸೇವ್! ಸೇವ್!” ಎಂದು ಯಜಮಾನ ಕೂಗಿಕೊಂಡ. ಯಾರೂ ಅಲುಗಾಡಲಿಲ್ಲ.

“ಕನ್ನಡದಲ್ಲಿ ಹೇಳಿ, ಸ್ವಾಮಿ. ತಮ್ಮದೇ ಅಪ್ಪಣೆ,” ಎಂದವು ಕಂಪ್ಯೂಟರುಗಳು.

‘ಉಳಿಸಿ’ಯೋ ‘ಅಳಿಸಿ’ಯೋ ತಿಳಿಯದೆ ಯಜಮಾನ ತಡವರಿಸಿದ. ಕೊನೆಗೆ ಗಟ್ಟಿಯಾಗಿ, “ಅಳಿಸಿ!” ಎಂದ.

ಅಚ್ಚ ಕನ್ನಡದ ಅಪ್ಪಣೆ. ಎಲ್ಲ ಕಂಪ್ಯೂಟರುಗಳೂ ಒಟ್ಟಿಗೇ ಪಾಲಿಸಿದವು.